1941ರ ಪಾರ್ಕರ್ 51 ಅಂತ ಹೇಳಿ ನನಗೆ ಕಟ್ಟಿದ್ದು ಏನು ಗೊತ್ತಾ?

ಹಳೆ ಪಾರ್ಕರ್ 51 ಫೌಂಟನ್ ಪೆನ್ ಕೊಳ್ಳಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹಣ ಹಾಕುವ ಮುಂಚೆ ಓದಿ, ಹಾಕಿದ ಮೇಲಲ್ಲ. "ಇನ್ನೊಬ್ಬರು ಕೇಳ್ತಿದ್ದಾರೆ, ಬೇಗ ಹೇಳಿ" ಅಂತ ಮಾರುವವನು ಮೆಸೇಜ್ ಹಾಕಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಆ ಇನ್ನೊಬ್ಬರು ಇರುವುದೇ ಇಲ್ಲ. ಇದ್ದರೆ ಇರಲಿ, ಅವರೇ ತಗೊಳ್ಳಲಿ.

ಮಾರಿದವನ ಹೆಸರು ಹಾಕುತ್ತಿಲ್ಲ. ಇವತ್ತು ಹೆಸರು ಹಾಕಿದರೆ ನಾಳೆ ಬೇರೆ ಹೆಸರಲ್ಲಿ ಬರುತ್ತಾನೆ. ಆದರೆ ವರಸೆ ಅದೇ ಇರುತ್ತದೆ. ವರಸೆ ತಿಳಿದುಕೊಂಡರೆ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಂಡ ಕಂಡ ಪೆನ್ನಿಗೆಲ್ಲ ಕೈ ಚಾಚುವವನಲ್ಲ ನಾನು. ನನ್ನದೊಂದು ಲಿಸ್ಟ್ ಇದೆ. ಅದರಲ್ಲಿ ಮೊದಲು ಇದ್ದದ್ದು ಲ್ಯಾಮಿ 2000. ಅದಕ್ಕೇ ಅಂತ ತಿಂಗಳು ತಿಂಗಳು ಹಣ ಎತ್ತಿಡುತ್ತಾ ಬಂದಿದ್ದೆ. ತೀರಾ ಸಣ್ಣ ಗೆರೆಯ ಇಎಫ್ ನಿಬ್ಬೋ, ಸಣ್ಣ ಗೆರೆಯ ಎಫ್ ನಿಬ್ಬೋ ಅಂತ ಎಷ್ಟು ತಲೆ ಕೆಡಿಸಿಕೊಂಡಿದ್ದೆ ಅಂದರೆ ಈಗ ನೆನೆದರೆ ನಗು ಬರುತ್ತದೆ. ಆ ಪೆನ್ 1966ರಲ್ಲಿ ಬಂತು. ಇವತ್ತಿಗೂ ತಯಾರಾಗುತ್ತಿದೆ. ಎಲ್ಲಿಗೂ ಓಡಿಹೋಗುತ್ತಿರಲಿಲ್ಲ. ಆರಾಮಾಗಿ ಕೊಳ್ಳಬಹುದಿತ್ತು. ಆ ಹಣ ಪೂರ್ತಿ, ಅದರ ಮೇಲೆ ಇನ್ನಷ್ಟು ಸೇರಿ, ಈ ಮನುಷ್ಯನ ಜೇಬಿಗೆ ಹೋಯಿತು.

ಅವನು ಬರೆದಿದ್ದು ಹೀಗಿತ್ತು. "ಪಾರ್ಕರ್ 51, ವ್ಯಾಕ್ಯುಮ್ಯಾಟಿಕ್, 1941, ಮೊದಲ ವರ್ಷದ್ದು. ಸೀಡರ್ ಬ್ಲೂ. ಡಬಲ್ ಜ್ಯುವೆಲ್. ಪೂರ್ತಿ ರಿಸ್ಟೋರ್ ಆಗಿದೆ. ಇಂಕ್ ತುಂಬಿಸಿ, ಬರೆಯಿರಿ."

ವ್ಯಾಕ್ಯುಮ್ಯಾಟಿಕ್ ಅಂದರೆ ಹಿಂದಿನ ಪ್ಲಂಜರ್, ಅಂದರೆ ಗುಂಡಿ, ಒತ್ತಿ ಇಂಕ್ ತುಂಬುವ ಬಗೆ. ಸೀಡರ್ ಬ್ಲೂ ಬಣ್ಣದ ಹೆಸರು. 1941 ಅಂದ ಕೂಡಲೇ ಕಿವಿ ಯಾಕೆ ನೆಟ್ಟಗಾಗುತ್ತದೆ ಅಂತ ಈ ಹುಚ್ಚು ಇದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. 51 ಮಾರುಕಟ್ಟೆಗೆ ಬಂದ ವರ್ಷ ಅದು. ಕ್ಯಾಪಿನ ತುದಿಯಲ್ಲೊಂದು, ಹಿಂದೆ ಫಿಲ್ಲರ್ (ಇಂಕ್ ತುಂಬುವ ಭಾಗ) ಮುಚ್ಚುವ ಬ್ಲೈಂಡ್ ಕ್ಯಾಪಿನ ತುದಿಯಲ್ಲೊಂದು ಜ್ಯುವೆಲ್, ಅಂದರೆ ಅಲಂಕಾರದ ಸಣ್ಣ ಮಣಿ, ಇದ್ದರೆ ಅದಕ್ಕೆ ಬೆಲೆಯೇ ಬೇರೆ. ಫೋಟೋದಲ್ಲಿ ಎರಡೂ ಇದ್ದವು. ಚೆನ್ನಾಗಿ ಕಾಣುತ್ತಿದ್ದವು.

ನಾನು ಕೇಳಬೇಕಾದ್ದನ್ನು ಕೇಳಿದೆ. ಕ್ಯಾಪ್ ಹಿಡಿದುಕೊಳ್ಳುವ ಕ್ಲಚ್ ರಿಂಗ್ ಹತ್ತಿರ ಬ್ಯಾರಲ್ (ಪೆನ್ನಿನ ಮೈ) ಮೇಲೆ ಒತ್ತಿರುವ ಅಕ್ಷರಗಳ ಹತ್ತಿರದ ಫೋಟೋ ಕೇಳಿದೆ. ಬ್ಲೈಂಡ್ ಕ್ಯಾಪ್ ತೆಗೆದು ಫಿಲ್ಲರಿನ ಫೋಟೋ ಕೇಳಿದೆ. ಆ ಪೆನ್ನಿನಲ್ಲಿ ಬರೆದ ಎರಡು ಸಾಲು ಕೇಳಿದೆ. ಹಳೆ ಪೆನ್ ಮಾರುವ ಯಾರಿಗಾದರೂ ಇದು ದಿನಾ ಇದ್ದದ್ದೇ. ನೆಟ್ಟಗಿರುವವರು ನಾವು ಕೇಳುವ ಮೊದಲೇ ಹಾಕಿರುತ್ತಾರೆ.

ಇವನ ಉತ್ತರ: "ಪೆನ್ ಈಗ ನನ್ನ ಕೈಲಿಲ್ಲ ಬ್ರದರ್, ಲಾಕರ್‌ನಲ್ಲಿದೆ. ನಾಳೆ ಕಳಿಸ್ತೀನಿ. ಆದ್ರೆ ನಾಳೆವರೆಗೆ ಇರುತ್ತೆ ಅಂತ ಗ್ಯಾರಂಟಿ ಕೊಡಲ್ಲ."

ಸ್ವಲ್ಪ ಹೊತ್ತು ಬಿಟ್ಟು: "ಇಬ್ಬರು ಕೇಳ್ತಿದ್ದಾರೆ. ನೀವು ನಿಜವಾದ ಕಲೆಕ್ಟರ್ ಅನ್ನಿಸ್ತು. ಅದಕ್ಕೆ ನಿಮಗೆ ಮೊದಲು ಹೇಳ್ತಿದ್ದೀನಿ."

ನಿಜವಾದ ಕಲೆಕ್ಟರ್! ಇದನ್ನು ಟೈಪ್ ಮಾಡುವಾಗ ಈಗಲೂ ಮೈ ಉರಿಯುತ್ತದೆ. ಏನು ಹೇಳಿದರೆ ನಾನು ಉಬ್ಬುತ್ತೇನೆ ಅಂತ ಆ ಮನುಷ್ಯನಿಗೆ ಸರಿಯಾಗಿ ಗೊತ್ತಿತ್ತು.

ಆಮೇಲೆ: "ಒಬ್ಬರು ಅಡ್ವಾನ್ಸ್ ಹಾಕ್ತೀನಿ ಅಂದ್ರು. ಹತ್ತು ನಿಮಿಷ ಟೈಮ್ ಕೇಳಿದೀನಿ. ನೀವು ಹ್ಞೂಂ ಅಂತೀರಾ, ಅವರಿಗೆ ಬಿಡಲಾ?"

ಹ್ಞೂಂ ಅಂದೆ. ಪೂರ್ತಿ ಹಣ ಹಾಕಿದೆ. "ಸೂಪರ್ ಬ್ರದರ್, ಒಳ್ಳೆ ಕೈಗೆ ಹೋಯ್ತು" ಅಂದ.

ಪಾರ್ಸೆಲ್ ಬಂತು. ಬಿಚ್ಚಿದೆ. ಪೆನ್ ಹೊಳೆಯುತ್ತಿತ್ತು, ವಿಪರೀತ ಹೊಳೆಯುತ್ತಿತ್ತು. ಬ್ಯಾರಲ್ ಹಿಡಿದು ಹಿಂದಿನ ತುದಿ ನೋಡಿದೆ. ಜ್ಯುವೆಲ್ ಇಲ್ಲ.

ಆಗ ನಾನು ಏನು ಮಾಡಿದೆ ಗೊತ್ತಾ? ಪಾರ್ಸೆಲ್‌ನಲ್ಲಿ ಹುಡುಕಿದೆ. ದಾರಿಯಲ್ಲಿ ಎಲ್ಲೋ ಉದುರಿರಬೇಕು ಅಂತ ಹತ್ತಿ ಬಿಡಿಸಿ ನೋಡಿದೆ, ಬಬಲ್ ಪ್ಲಾಸ್ಟಿಕ್ ಮಡಿಕೆ ಮಡಿಕೆ ನೋಡಿದೆ, ಡಬ್ಬ ತಲೆಕೆಳಗು ಮಾಡಿ ಕುಟ್ಟಿದೆ. ಮೇಜಿನ ಕೆಳಗೆ ಟಾರ್ಚ್ ಬಿಟ್ಟೆ. ಮೋಸ ಹೋದೆ ಅನ್ನುವುದು ಆಗಲೂ ತಲೆಗೆ ಬಂದಿರಲಿಲ್ಲ. ಬ್ಲೈಂಡ್ ಕ್ಯಾಪಿನ ತುದಿಯನ್ನು ಬೆಳಕಿಗೆ ಹಿಡಿದಾಗ ಗೊತ್ತಾಯಿತು. ಅಲ್ಲಿ ಜ್ಯುವೆಲ್ ಕೂರುವ ಜಾಗವೇ ಇಲ್ಲ. ತುದಿ ನುಣ್ಣಗೆ ಮುಚ್ಚಿಕೊಂಡಿದೆ. ಅಂದರೆ ಫೋಟೋದಲ್ಲಿದ್ದ ಪೆನ್ನೇ ಬೇರೆ. ನನಗೆ ಬಂದ ಪೆನ್ನೇ ಬೇರೆ.

ಆಮೇಲೆ ಒಂದೊಂದಾಗಿ ಎಲ್ಲ ಹೊರಗೆ ಬಂತು. ಬ್ಯಾರಲ್ ಮೇಲಿನ ಅಕ್ಷರಗಳನ್ನು ಪಾಲಿಶ್ ಅರ್ಧ ತಿಂದುಹಾಕಿತ್ತು. ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದಾಗ ಕೊನೆಯಲ್ಲಿ 7 ಅಂತ ಕಂಡಿತು. ಆ ಕಾಲದ ಪಾರ್ಕರ್‌ಗಳಲ್ಲಿ ಆ ಅಂಕಿ ಎಂದರೆ ವರ್ಷದ ಕೊನೆಯ ಅಂಕಿ. 51 ಬಂದದ್ದೇ 1941ರಲ್ಲಿ, ವ್ಯಾಕ್ಯುಮ್ಯಾಟಿಕ್ ಫಿಲ್ಲರ್ ಹೋಗಿ ಚೀಲ ಒತ್ತಿ ಇಂಕ್ ತುಂಬುವ ಏರೋಮೆಟ್ರಿಕ್ ಬಂದದ್ದು 1948ರಲ್ಲಿ. ನಡುವೆ 7 ಅಂದರೆ 1947, ಬೇರೆ ಲೆಕ್ಕವೇ ಇಲ್ಲ. ಬ್ಲೈಂಡ್ ಕ್ಯಾಪ್ ತಿರುಗಿಸಿ ತೆಗೆದರೆ ಪ್ಲಾಸ್ಟಿಕ್ ಪ್ಲಂಜರ್. ಮೊದಲ ವರ್ಷದ 51ರಲ್ಲಿ ಇದ್ದದ್ದು ಅಲ್ಯೂಮಿನಿಯಂ. ಅವನು ಆ ಫೋಟೋ ಯಾಕೆ ಕಳಿಸಲಿಲ್ಲ ಅಂತ ಈಗ ಅರ್ಥವಾಯಿತಲ್ಲ.

ಸರಿ, 1947ರದ್ದೇ ಇರಲಿ. ಬರೆಯುವ 51 ಆಗಿದ್ದರೆ ಯಾವ ವರ್ಷದ್ದಾದರೂ ಒಳ್ಳೆಯ ಪೆನ್ನೇ. ಲೋಟದ ನೀರಿಗೆ ಅದ್ದಿ ಪ್ಲಂಜರ್ ಒತ್ತಿದೆ. ಒಂದೆರಡು ಗುಳ್ಳೆ ಬಂದವು. ಪ್ಲಂಜರ್ ಒಳಗೇ ಕೂತುಬಿಟ್ಟಿತು. ನೀರಿನಲ್ಲಿ ಕರೀ ಪುಡಿ ತೇಲಿತು. ಅದು ರಬ್ಬರ್ ಡಯಾಫ್ರಮ್ಮಿನ ಪುಡಿ. ವ್ಯಾಕ್ಯುಮ್ಯಾಟಿಕ್‌ನಲ್ಲಿ ಇಂಕ್ ಎಳೆಯುವುದೇ ಆ ರಬ್ಬರ್. ಒತ್ತಿದಾಗ ಹಿಗ್ಗಿ ಗಾಳಿ ಹೊರಗೆ ತಳ್ಳುತ್ತದೆ, ಬಿಟ್ಟಾಗ ಹಿಂದಕ್ಕೆ ಬಂದು ಇಂಕ್ ಒಳಗೆ ಎಳೆಯುತ್ತದೆ. ಈ ಪೆನ್ ರಿಪೇರಿ ಅಂದರೆ ಮೊದಲ ಕೆಲಸವೇ ಹಳೆ ಡಯಾಫ್ರಮ್ ತೆಗೆದು ಹೊಸದು ಹಾಕುವುದು. ಅದನ್ನೇ ಮಾಡದೆ "ಪೂರ್ತಿ ರಿಸ್ಟೋರ್" ಅಂತೆ.

ಹಳೆ ಪೆನ್ ರಿಪೇರಿ ಮಾಡುವವರ ಹತ್ತಿರ ಒಯ್ದೆ. ಅವರು ನಿಬ್ಬನ್ನು ಮುಚ್ಚಿರುವ ಹುಡ್ ಬಿಚ್ಚಲು ಹದವಾಗಿ ಬಿಸಿ ಮಾಡಿದರು. ಸರಿಯಾದ ಕೆಲಸಗಾರರು ಅಲ್ಲಿ ಶೆಲ್ಲಾಕ್, ಅಂದರೆ ಅರಗು ಬಳಸುತ್ತಾರೆ. ಸ್ವಲ್ಪ ಬಿಸಿಗೆ ಅದು ಬಿಡುತ್ತದೆ. ಮುಂದೆ ಯಾರಾದರೂ ಮತ್ತೆ ಬಿಚ್ಚಬಹುದಲ್ಲ, ಅದಕ್ಕೆ. ಇದು ಬಿಡಲಿಲ್ಲ. ಫಿಲ್ಲರ್ ಕಡೆ ನೋಡಿದರೆ ಬ್ಯಾರಲ್ಲಿನ ತಿರುಪು ಗೆರೆಗಳಲ್ಲಿ (ಥ್ರೆಡ್) ಕೂದಲೆಳೆಯಂಥ ಬಿರುಕು, ಅದರ ಸುತ್ತ ಬೆಳ್ಳಗೆ ಮಂಜು ಹಿಡಿದ ಹಾಗೆ ಕಲೆ. ಸೂಪರ್ ಗ್ಲೂ. ಎರಡೂ ಕಡೆ ಸುರಿದಿದ್ದಾರೆ.

"ಬಿಚ್ಚಿದ್ರೆ ಬ್ಯಾರಲ್ ಒಡೆಯುತ್ತೆ. ಬಿಚ್ಚದಿದ್ರೆ ಪೆನ್ ಬರೆಯಲ್ಲ. ಯಾವುದು ಬೇಕು ನೋಡಿ" ಅಂದರು. ಆಮೇಲೆ ಎಷ್ಟಕ್ಕೆ ತಗೊಂಡ್ರಿ ಅಂತ ಕೇಳಿದರು. ನಾಚಿಕೆಗೆ ಅರ್ಧ ಬೆಲೆ ಹೇಳಿದೆ. ಅದಕ್ಕೇ ಅವರು ತಲೆ ತಲೆ ಚಚ್ಚಿಕೊಂಡರು.

ಈಗ ಆ ಮಹಾನುಭಾವನ ಉತ್ತರಗಳು. ಇವನ್ನು ಹಾಗೇ ಹಾಕುತ್ತಿದ್ದೇನೆ. ನಿಮಗೂ ಇವೇ ಬರುತ್ತವೆ.

ಇದು ಬೇರೆ ಪೆನ್, 1941ರದ್ದಲ್ಲ ಅಂತ ಬರೆದೆ. ಮೊದಲು ಬಂದದ್ದು ಒಂದು ಹೆಬ್ಬೆರಳು. ಅಷ್ಟೇ. ಹೆಬ್ಬೆರಳು!

ಮತ್ತೆ ಬರೆದೆ. "ನೋಡಿ ಸರ್, 51 ಮಾಡೆಲ್ ಶುರುವಾಗಿದ್ದು 1941ರಲ್ಲಿ. ನಾನು ಹೇಳಿದ್ದು ಅದನ್ನ." ಇಷ್ಟು ಹೊತ್ತಿಗೆ ಬ್ರದರ್ ಹೋಗಿ ಸರ್ ಬಂದಿತ್ತು, ಗಮನಿಸಿ.

ಹಾಗಾದರೆ ಡಬಲ್ ಜ್ಯುವೆಲ್ ಫೋಟೋ? "ಫೋಟೋ ರೆಫರೆನ್ಸಿಗೆ ಸರ್. ಕಲರ್ ಅದೇ ಅಲ್ವಾ?"

ಕಲರ್ ಅದೇ ಅಲ್ವಾ ಅಂತೆ! ಇದಕ್ಕೆ ಏನು ಉತ್ತರ ಕೊಡಬೇಕು, ನೀವೇ ಹೇಳಿ.

ಡಯಾಫ್ರಮ್ ಪುಡಿಪುಡಿ ಆಗಿದೆಯಲ್ಲ ಅಂದರೆ, "ನೀವು ಜೋರಾಗಿ ಒತ್ತಿರಬೇಕು. ನನ್ ಹತ್ರ ಇದ್ದಾಗ ಚೆನ್ನಾಗೇ ಇತ್ತು." ಲಾಕರ್‌ನಲ್ಲಿ ಚೆನ್ನಾಗೇ ಇತ್ತೇನೋ. ಮತ್ತೆ ರಿಸ್ಟೋರ್ ಮಾಡಿದ್ದು ಏನನ್ನ? "ಪಾಲಿಶ್ ಮಾಡಿಸಿದೀನಲ್ಲ, ಕನ್ನಡಿ ಥರ ಹೊಳೀತಿಲ್ವಾ?" ಹೌದಪ್ಪ, ವರ್ಷದ ಗುರುತೂ ಅಳಿಸಿಹೋಗುವ ಹಾಗೆ ಹೊಳೆಯುತ್ತಿದೆ.

ವಾಪಸ್ ತಗೊಳ್ಳಿ, ಹಣ ಕೊಡಿ ಅಂದೆ. ಆಗ ಬಂತು ನೋಡಿ: "ಹಳೆ ಪೆನ್ನಿಗೆ ರಿಟರ್ನ್ ಎಲ್ಲಿ ಕೊಡ್ತಾರೆ ಸ್ವಾಮಿ? ನಾನೇನು ನಿಮ್ಮನ್ನ ಬಲವಂತ ಮಾಡಿದ್ನಾ? ನಾಳೆ ಫೋಟೋ ಕಳಿಸ್ತೀನಿ ಅಂದೆ. ಅವಸರ ಮಾಡಿದ್ದು ನೀವೇ."

ಅವಸರ ಮಾಡಿದ್ದು ನಾನೇ! ರಾತ್ರಿಯೆಲ್ಲ ಇದೇ ತಲೆಯಲ್ಲಿ ತಿರುಗುತ್ತಿತ್ತು. ಅವಸರ ಹುಟ್ಟಿಸಿದವನು ಅವನು. ಇಬ್ಬರು ಕೇಳುತ್ತಿದ್ದಾರೆ ಅಂದವನು ಅವನು. ಹತ್ತು ನಿಮಿಷ ಅಂದವನು ಅವನು. ಇವನ್ನೇ ಅವನ ಮುಖಕ್ಕೆ ಹಿಡಿಯೋಣ ಅಂತ ಹಳೆ ಮೆಸೇಜ್‌ಗಳಿಗೆ ಹೋದರೆ "ಈ ಮೆಸೇಜ್ ಅಳಿಸಲಾಗಿದೆ", "ಈ ಮೆಸೇಜ್ ಅಳಿಸಲಾಗಿದೆ". ಹತ್ತು ನಿಮಿಷದ್ದೂ ಹೋಗಿತ್ತು, ಇನ್ನೊಬ್ಬರದ್ದೂ ಹೋಗಿತ್ತು. ನಾಳೆ ಫೋಟೋ ಕಳಿಸ್ತೀನಿ ಅನ್ನುವುದು ಮಾತ್ರ ಉಳಿದಿತ್ತು. ಈಗ ಓದಿದರೆ ಪಾಪ ಅವನು ಸಮಾಧಾನವಾಗಿ ಮಾತಾಡಿದ್ದಾನೆ, ನಾನೇ ಹುಚ್ಚನ ಹಾಗೆ ಹಣ ಸುರಿದಿದ್ದೇನೆ ಅಂತ ಕಾಣುತ್ತದೆ.

ಇನ್ನೂ ಇದೆ. ಕೊನೆಯ ಮೆಸೇಜ್: "ಬೇಡ ಅಂದ್ರೆ ಹೇಳಿ, ಅರ್ಧ ರೇಟಿಗೆ ನಾನೇ ವಾಪಸ್ ತಗೋತೀನಿ. ಬೇಗ ಹೇಳಿ, ಇದೇ ಥರದ್ದು ಇನ್ನೊಬ್ರು ಕೊಡ್ತೀನಿ ಅಂತಿದ್ದಾರೆ."

ನನಗೇ, ಅದೇ ಪೆನ್ನಿಗೆ, ಮತ್ತೆ "ಇನ್ನೊಬ್ಬರು"! ನಾನು ಬರೆದ ಉತ್ತರವನ್ನು ಇಲ್ಲಿ ಹಾಕುವ ಹಾಗಿಲ್ಲ. ಅದಾದ ಮೇಲೆ ಬ್ಲಾಕ್ ಮಾಡಿದ್ದಾನೆ.

"ಇಂಥದ್ದು ಮತ್ತೆ ಸಿಗಲ್ಲ" ಅನ್ನುವ ಮಾತಿದೆಯಲ್ಲ, ಅದನ್ನು ನಂಬಬೇಡಿ. ಪಾರ್ಕರ್ 51 ಕೋಟಿ ಲೆಕ್ಕದಲ್ಲಿ ತಯಾರಾದ ಪೆನ್. ಮೊದಲ ವರ್ಷದ್ದು ಕಡಿಮೆ, ಒಪ್ಪೋಣ. ಆದರೂ ಕಾದರೆ ಒಂದಲ್ಲ ಒಂದು ಬಂದೇ ಬರುತ್ತದೆ, ಅದೂ ಫಿಲ್ಲರ್ ಫೋಟೋ ಸಮೇತ. ಹೊಸ ಪೆನ್ನಿನಲ್ಲೂ ಇದೇ ಆಟ. ಲ್ಯಾಮಿ ಸಫಾರಿ 1980ರಲ್ಲಿ ಬಂದಾಗ ಇದ್ದ ಸವಾನಾ, ಟೆರಾಕೋಟಾ ಬಣ್ಣಗಳು ಮತ್ತೆ ಸಿಗಲ್ಲ ಅಂತ ಹಳೆಯವಕ್ಕೆ ಮುಗಿಬಿದ್ದವರಿದ್ದರು. 2021ರಲ್ಲಿ ಕಂಪನಿಯೇ ಆ ಬಣ್ಣಗಳಲ್ಲಿ ಸಫಾರಿ ಮತ್ತೆ ತಂದಿತು. 51 ಹೆಸರಿನಲ್ಲೂ ಈಗ ಹೊಸ ಪೆನ್ ಬಂದಿದೆ. ಅದು ಬೇರೆಯೇ ಪೆನ್ನು ಬಿಡಿ, ಹಳೆಯದರ ಕ್ಯಾಪ್ ಸುಮ್ನೆ ಎಳೆದರೆ ಬರುತ್ತದೆ, ಹೊಸದನ್ನು ತಿರುಗಿಸಿ ತೆಗೆಯಬೇಕು. ಇದನ್ನೂ ಯಾರಾದರೂ ಹಳೆಯದು ಅಂತ ಮಾರಲು ನೋಡಿದರೆ ಆಶ್ಚರ್ಯವಿಲ್ಲ.

ನೀವು ಕೊಳ್ಳುವುದಾದರೆ ಇಷ್ಟು ಮಾಡಿ. ಪ್ಲಂಜರ್ ಒತ್ತಿ ನೀರು ಎಳೆಯುವ ವಿಡಿಯೋ ಕೇಳಿ. ಅದೇ ಪೆನ್ನಿನಲ್ಲಿ ನಿಮ್ಮ ಹೆಸರು, ಅವತ್ತಿನ ತಾರೀಖು ಬರೆದು ತೋರಿಸಲು ಹೇಳಿ. ಹುಡ್ ಇರುವುದರಿಂದ 51ರ ನಿಬ್ಬು ಪೂರ್ತಿ ಕಾಣುವುದೇ ಇಲ್ಲ, ಬರೆದು ತೋರಿಸದೆ ನಿಬ್ಬಿನ ಕಥೆ ಗೊತ್ತಾಗಲ್ಲ. ಡಯಾಫ್ರಮ್ ಯಾವಾಗ ಹಾಕಿಸಿದ್ದು, ಯಾರ ಹತ್ತಿರ ಅಂತ ಕೇಳಿ. ತಡವರಿಸಿದರೆ ಬಿಟ್ಟುಬಿಡಿ. ಪ್ರತಿ ಮೆಸೇಜಿಗೂ ಆಗಿಂದಾಗಲೇ ಸ್ಕ್ರೀನ್‌ಶಾಟ್ ತೆಗೆಯಿರಿ, ಆಮೇಲೆ ಅಂದರೆ ಸಿಗಲ್ಲ. ಮೊದಲ ಸಲ ಹಳೆ 51 ತಗೊಳ್ಳುವವರು 1948ರಿಂದ ಈಚಿನ ಏರೋಮೆಟ್ರಿಕ್ ನೋಡಿ. ಅದರ ಪ್ಲಿಗ್ಲಾಸ್ ಅನ್ನುವ ಪ್ಲಾಸ್ಟಿಕ್ಕಿನ ಇಂಕ್ ಚೀಲ ಇಷ್ಟು ವರ್ಷವಾದರೂ ಎಷ್ಟೋ ಪೆನ್ನುಗಳಲ್ಲಿ ಇನ್ನೂ ಇಂಕ್ ಎಳೆಯುತ್ತದೆ. ಲೈಟ್ ಹಿಡಿದು ಜಾತಕ ಓದುವ ಕೆಲಸ ಕಡಿಮೆ.

ಮೊನ್ನೆ ಪರಿಚಯದವರೊಬ್ಬರು ಕೆಲವು ಫೋಟೋ ಕಳಿಸಿ "ಇದು ಹೇಗಿದೆ, ತಗೊಳ್ಳಲಾ?" ಅಂತ ಕೇಳಿದರು. ನೋಡಿದರೆ ನನಗೆ ಕಳಿಸಿದ್ದ ಅದೇ ಡಬಲ್ ಜ್ಯುವೆಲ್ ಫೋಟೋಗಳು. ಈ ಸಲ ಅದು 1942ರದ್ದಂತೆ. ನಿಮಗೂ ಬಂದರೆ ಗುರುತು ಹಿಡಿಯಿರಿ: ಕೆಳಗೆ ಹಸಿರು ವೆಲ್ವೆಟ್ ಬಟ್ಟೆ, ಸೀಡರ್ ಬ್ಲೂ ಬ್ಯಾರಲ್, ಕ್ಯಾಪಿನ ಬಾಯಿಯ ಹತ್ತಿರ ಕ್ಲಿಪ್ಪಿನ ಎಡಕ್ಕೆ ಒಂದು ಸಣ್ಣ ತಗ್ಗು. ಹಣ ಹಾಕಬೇಡಿ.