‘ಜೀವಂತ ಎರೆ’ ಎಂದು ದುಡ್ಡು ಕೇಳಿದರೆ ಮೊದಲು ಬಕೆಟ್ ಮುಚ್ಚಳ ತೆಗೆಸಿ

ಉಡುಪಿ ಕಡೆಯ ಅಳಿವೆಗಳಲ್ಲಿ ಗಾಳ ಹಾಕಲು ದೋಣಿ ಬುಕ್ ಮಾಡುವವರು ಇದನ್ನು ಓದಿಯೇ ದುಡ್ಡು ಕೊಡಿ. ನಾವು ಹೋದ ದೋಣಿಯವನ ಜೊತೆ ಮಾತಾದದ್ದು ನಾಲ್ಕು ಜನಕ್ಕೆ ಅರ್ಧ ದಿನ 6,000 ರೂಪಾಯಿ. ರಾಡ್, ಬೆಂಡು (ದಾರಕ್ಕೆ ಕಟ್ಟುವ ತೇಲುವ ತುಂಡು), ಎರೆಗೆ ಜೀವಂತ ಸಿಗಡಿ ಎಲ್ಲ ಅದರಲ್ಲೇ. ಅರ್ಧ ಮುಂಗಡ. ಉಳಿದರ್ಧ ದೋಣಿ ಹತ್ತುವ ಮೊದಲೇ ಎಣಿಸಿಕೊಂಡ. ಬಕೆಟ್ ಮುಚ್ಚಳ ತೆಗೆದದ್ದು ಮಾತ್ರ ದಡ ಬಿಟ್ಟ ಮೇಲೆ!

ಬದುಕಿದ ಸಿಗಡಿಯ ಮೈ ಗಾಜಿನ ಹಾಗೆ ಇರುತ್ತದೆ, ಮುಟ್ಟಿದರೆ ಬಾಲ ಮಡಚಿ ಹಿಂದಕ್ಕೆ ಚಿಮ್ಮುತ್ತದೆ. ಇವು ಬೆಳ್ಳಗೆ ಬಿಳಚಿಕೊಂಡು ತಳದಲ್ಲಿ ಬಿದ್ದಿದ್ದವು. ಬಕೆಟ್ ಅಂಚಿಗೆ ನೀರಿಗೆ ಗಾಳಿ ಊದುವ ಏರೇಟರ್ ಸಿಕ್ಕಿಸಿತ್ತು, ಒಳಗೆ ಸೆಲ್ಲೇ ಇಲ್ಲ. ತೋರಿಕೆಗೆ ಇಟ್ಟದ್ದು. ಕೇಳಿದರೆ, “ಸತ್ತರೆ ಎಂತ ಆಯ್ತು ಮಾರಾಯ್ರೆ, ಫ್ರೆಶ್ ಉಂಟಲ್ಲ?”

ಎಂತ ಆಯ್ತಾ? ಬೆಂಡಿನ ಗಾಳದಲ್ಲಿ ಎರೆ ತಳ ಮುಟ್ಟದೆ ನೀರಿನಲ್ಲಿ ತೂಗುತ್ತದೆ. ಹೆಚ್ಚಾಗಿ ಅದು ಒದ್ದಾಡಿದರೇ ಕೆಂಬೇರಿಯಂಥ ಬೇಟೆ ಮೀನು ಬಂದು ಹೊಡೆಯುವುದು. ಸತ್ತದ್ದನ್ನು ಚಿಲ್ಲರೆ ಮೀನುಗಳು ಕಚ್ಚಿ ಕಚ್ಚಿ ಬರೀ ಸಿಪ್ಪೆ ಉಳಿಸುತ್ತವೆ. ಸತ್ತದ್ದೇ ಸಾಕಿದ್ದರೆ ಮಾರ್ಕೆಟ್‌ನಲ್ಲಿ ಕಾಲು ಕಿಲೋ ಕಟ್ಟಿಸಿಕೊಳ್ಳುತ್ತಿದ್ದೆವು, ಇವನಿಗ್ಯಾಕೆ ಆರು ಸಾವಿರ?

ಸಾಮಾನಿನ ಕಥೆ ಇನ್ನೂ ಚಂದ. ನೀರು ನಾಲ್ಕು ಮೀಟರ್ ಆಳ. ಬೆಂಡನ್ನು ಗಾಳದಿಂದ ಒಂದೇ ಮೀಟರ್ ಮೇಲೆ ಬಿಗಿದು ಕಟ್ಟಿದ್ದ. ಇಂಥ ಆಳಕ್ಕೆ ಬೆಂಡು ದಾರದ ಮೇಲೆ ಜಾರಬೇಕು: ಮೇಲಿಂದ ಸ್ಟಾಪರ್ ಗಂಟು (ಬೆಂಡು ಎಲ್ಲಿ ನಿಲ್ಲಬೇಕೋ ಅಲ್ಲಿ ತಡೆಯುವ ಗಂಟು), ಮಣಿ, ಬೆಂಡು, ಭಾರಕ್ಕೆ ಸೀಸ, ಸ್ವಿವೆಲ್ (ದಾರ ತಿರುಚದಂತೆ ತಿರುಗುವ ಕೊಂಡಿ), ಅಲ್ಲಿಂದ ಮುಕ್ಕಾಲು ಮೀಟರ್ ಲೀಡರ್ (ಗಾಳ ಕಟ್ಟುವ ತುದಿಯ ದಾರ), ತುದಿಗೆ ಗಾಳ. ಗಂಟು ಸರಿಸಿ, ಎರೆ ತಳಕ್ಕಿಂತ ಅರ್ಧ ಮೀಟರ್ ಮೇಲೆ ನಿಲ್ಲುವಂತೆ ಮಾಡಬೇಕು. ಗಂಟೂ ಇಲ್ಲ, ಮಣಿಯೂ ಇಲ್ಲ! ಸೀಸ ಎಷ್ಟು ಭಾರ ಎಂದರೆ ಬೆಂಡೇ ಅರ್ಧ ಮುಳುಗಿತ್ತು, ಮೀನು ಎಳೆದರೂ ಗೊತ್ತಾಗುವುದಿಲ್ಲ. ಬೆರಳುದ್ದದ ಸಿಗಡಿಗೆ 5/0 ಸೈಜಿನ ದೊಡ್ಡ ಗಾಳ! ಅದಕ್ಕಿಂತ ಚಿಕ್ಕ 1/0 ಸಾಕಾಗುವ ಜಾಗ. ಚುಚ್ಚಿದ್ದೂ ತಲೆಯೊಳಗೆ ಕಾಣುವ ಕಪ್ಪು ಚುಕ್ಕೆಗೇ. ಅದು ತಪ್ಪಿಸಿ ಮುಂದಿನ ಕೊಂಬಿನ ಬುಡಕ್ಕೆ ಚುಚ್ಚಬೇಕು, ಇಲ್ಲದಿದ್ದರೆ ಬದುಕಿದ್ದ ಸಿಗಡಿಯೂ ಅಲ್ಲೇ ಸಾಯುತ್ತದೆ. ಇಲ್ಲಿ ಆ ಚಿಂತೆ ಇರಲಿಲ್ಲ ಬಿಡಿ.

ಹೊತ್ತಿನಲ್ಲೂ ಮೋಸ. “ದಿನಾ ಆರು ಗಂಟೆಗೇ ಒಳ್ಳೇದು” ಅಂದ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ದಿನಾ ಆರಕ್ಕೆ ಒಳ್ಳೇದಾಗುವುದು ಹೇಗೆ? ನಾವು ಹೋದ ಹೊತ್ತಿಗೆ ಇಳಿತ ಮುಗಿದು ನೀರು ನಿಂತಿತ್ತು. ಬೆಂಡು ಬಿಟ್ಟಲ್ಲೇ ಕುಳಿತಿತ್ತು, ಸ್ನೇಹಿತರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕರೆತಂದ ನನಗೆ ಎಷ್ಟು ನಾಚಿಕೆ! ಲೈಫ್ ಜಾಕೆಟ್ ನಾಲ್ಕು ಜನಕ್ಕೆ ಎರಡು. “ಇಲ್ಲಿ ಆಳ ಇಲ್ಲ” ಅಂತೆ.

ದುಡ್ಡು ವಾಪಸ್ ಕೇಳಿದ್ದಕ್ಕೆ, “ಸಮುದ್ರದಲ್ಲಿ ಮೀನಿಲ್ಲಾಂದ್ರೆ ನಾನೆಂತ ಮಾಡುದು? ನಿನ್ನೆ ಪಾರ್ಟಿಯವರು ಖುಷಿಯಲ್ಲಿ ಹೋದ್ರು.” ಮೀನಿಲ್ಲ ಅಂತ ಯಾರು ಜಗಳ ಆಡಿದರು? ಜೀವಂತ ಎರೆ ಅಂದದ್ದು ನೀನು! ಇದಕ್ಕೆ ಉತ್ತರ ಇಲ್ಲ, ಆಮೇಲೆ ಫೋನೂ ಎತ್ತಲಿಲ್ಲ.

ಹೋಗುವವರು ದಡದಲ್ಲೇ ಬಕೆಟ್‌ಗೆ ಕೈ ಹಾಕಿ ನೋಡಿ. 20 ಲೀಟರ್ ಸಮುದ್ರದ ನೀರಿಗೆ 25–30 ಸಿಗಡಿ ಸಾಕು. ಹೆಚ್ಚು ತುಂಬಿದರೆ ಉಸಿರು ಕಟ್ಟಿ ಸಾಯುತ್ತವೆ. ಏರೇಟರ್ ಗುಳ್ಳೆ ಬಿಡುತ್ತಿರಬೇಕು. ಬಿಸಿಲಿಗೆ ಐಸ್ ಬೇಕಾದರೆ ಮುಚ್ಚಿದ ಬಾಟಲಿಯಲ್ಲಿ ಇಳಿಬಿಡಿ, ಕರಗಿದ ಸಿಹಿನೀರು ಬೆರೆಯಬಾರದು. ಬಾಕಿ ದುಡ್ಡು ಕೊಡುವುದು ದೋಣಿ ದಡಕ್ಕೆ ಮರಳಿದ ಮೇಲೆ. ಅದಕ್ಕೆ ಒಪ್ಪದವನ ದೋಣಿ ಹತ್ತಲೇಬೇಡಿ.