ದೇವಸ್ಥಾನದ ಕೊಪ್ಪರಿಗೆಗೆ ಕಲಾಯಿ: ಮಡಿಕೇರಿಯ ಒಂದು ಅಂಗಡಿಯ ಬಗ್ಗೆ

ಮಡಿಕೇರಿಯಲ್ಲಿ ಈಗಲೂ ಕಲಾಯಿ ಹಾಕುವವರು, ಎಂದರೆ ತಾಮ್ರ ಹಿತ್ತಾಳೆಯ ಪಾತ್ರೆಯ ಒಳಮೈಗೆ ತವರ ಬಳಿಯುವವರು, ಇದ್ದಾರೆಯೇ ಎಂದು ಈಚೆಗೆ ಮೂರು ನಾಲ್ಕು ಮಂದಿ ನನ್ನನ್ನು ಕೇಳಿದರು. ಇದ್ದಾರೆ. ಮಾರುಕಟ್ಟೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ, ತಗಡಿನ ಮಾಡಿನ ಕೆಳಗೆ, ಬೋರ್ಡು ಕೂಡ ಇಲ್ಲದ ಅಂಗಡಿ. ಹೊರಗೆ ಮಗುಚಿಟ್ಟ ಹಂಡೆಗಳನ್ನು ಕಂಡರೆ ಅದೇ ಎಂದು ತಿಳಿಯಬೇಕು. ನಡೆಸುವವರು ಅರವತ್ತು ದಾಟಿದ ಸಾಹೇಬರು, ಜೊತೆಗೆ ಅವರ ಮಗ. ನಮ್ಮ ದೇವಸ್ಥಾನದ ಮೂರು ಪಾತ್ರೆಗಳನ್ನು ಕಳೆದ ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿಗೆ ಒಯ್ದಿದ್ದೆ. ಕೆಲಸ ಹೇಗಿತ್ತು ಎಂದು ಆಗಲೇ ಬರೆಯಬಹುದಿತ್ತು. ಆದರೆ ಕಲಾಯಿಯ ಗುಣ ತಿಳಿಯಬೇಕಾದರೆ ಪಾತ್ರೆ ಕೆಲವು ತಿಂಗಳಾದರೂ ಒಲೆಯ ಮೇಲೆ ಕುಳಿತು ಇಳಿಯಬೇಕು. ಅದಕ್ಕೇ ಇಷ್ಟು ದಿನ ಕಾದೆ.

ನನ್ನ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗದು. ನಮ್ಮ ಊರು ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ರಸ್ತೆಯಲ್ಲಿದೆ. ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತಳಾದೆ. ಊರಿನ ದೇವಸ್ಥಾನದ ಅಡುಗೆಮನೆಯ ಪಾತ್ರೆಗಳನ್ನು ತೊಳೆಯುವುದು, ಒರೆಸುವುದು, ಲೆಕ್ಕ ಇಡುವುದು ನನ್ನ ಸೇವೆ. ಮೊದಲು ನನ್ನ ಅತ್ತೆ ಮಾಡುತ್ತಿದ್ದರು. ಅವರ ಮಂಡಿ ಕೈಕೊಟ್ಟ ವರ್ಷ ನಾನು ಕೈಗೆತ್ತಿಕೊಂಡೆ. ಆಗಿನ್ನೂ ನೌಕರಿಯಲ್ಲಿದ್ದೆ, ಭಾನುವಾರ ಮತ್ತು ಹಬ್ಬದ ದಿನ ಮಾತ್ರ ಹೋಗುತ್ತಿದ್ದೆ.

ತೊಂದರೆ ಕಂಡದ್ದು ಆಗಸ್ಟ್ 3ರಂದು. ಆಟಿ ತಿಂಗಳ ಹದಿನೆಂಟು, ಕೊಡಗಿನಲ್ಲಿ ಮದ್ದುಸೊಪ್ಪಿನ ಅಡುಗೆ ಉಣ್ಣುವ ದಿನವಲ್ಲವೇ, ದೇವಸ್ಥಾನದ ಸಮಿತಿಯವರು ಎಲ್ಲರಿಗೂ ಸೇರಿಸಿ ಮದ್ದುಸೊಪ್ಪಿನ ಪಾಯಸ ಮಾಡಿಸಿದ್ದರು. ನೇರಳೆ ಬಣ್ಣದ ಆ ಪಾಯಸವನ್ನು ಬಡಿಸಿ ಮುಗಿಸಿ, ಕೊಪ್ಪರಿಗೆಗೆ ನೀರು ಹಾಕಿ ಉಜ್ಜಿದಾಗ ತಳದಲ್ಲಿ ಅಂಗೈಯಗಲ ತಾಮ್ರ ಕೆಂಪಗೆ ತೋರಿತು. ಕಲಾಯಿ ಎದ್ದುಹೋಗಿದೆ. ಪಕ್ಕದ ಸಾರಿನ ಕೊಪ್ಪರಿಗೆಯ ಕಂಠದ ಒಳಗೆ ಹಸಿರು ಕಿಲುಬು ಕಟ್ಟಿತ್ತು. ನಮ್ಮ ಮಳೆಗಾಲದಲ್ಲಿ ಒರೆಸಿಟ್ಟ ಪಾತ್ರೆಯೂ ಮರುದಿನ ಬೆವರುತ್ತದೆ. ಮೇಲಿಂದ ಹುಣಸೆಹುಳಿ ಬೇರೆ. ಹುಳಿ ತಾಗಿದ ತಾಮ್ರ, ಹಿತ್ತಾಳೆ ಕಿಲುಬುಗಟ್ಟುತ್ತದೆ, ಕಿಲುಬು ಹೊಟ್ಟೆಗೆ ವಿಷ. ತವರದ ತೆಳುಪದರ ನಡುವೆ ಇದ್ದರಷ್ಟೇ ಅಂಥ ಪಾತ್ರೆಯಲ್ಲಿ ಸಾರು ಕುದಿಸಬಹುದು. ಸಮಿತಿಯಲ್ಲಿ ಕೆಲವರು ಇವನ್ನು ಗುಜರಿಗೆ ತೂಕಕ್ಕೆ ಹಾಕಿ ಸ್ಟೀಲಿನದು ತರೋಣ ಎಂದರು. ನಾನು ಒಪ್ಪಲಿಲ್ಲ. ಹಿತ್ತಾಳೆಯ ಉರುಳಿಯಲ್ಲಿ ತಳ ಹಿಡಿಯದೆ ಬೇಯುವ ಬೆಲ್ಲದ ಪಾಯಸ ತೆಳು ಸ್ಟೀಲಿನಲ್ಲಿ ಬಾರದು ಎಂದು ಅಡುಗೆಯವರೂ ನನ್ನ ಪರ ನಿಂತರು. ಕಲಾಯಿ ಹಾಕಿಸುವ ಹೊಣೆ ನನ್ನ ತಲೆಗೆ ಬಂತು.

ಜೀಪಿನಲ್ಲಿ ಮೂರನ್ನೂ ಏರಿಸಿಕೊಂಡು ಹೋದೆವು: ಎರಡು ತಾಮ್ರದ ಕೊಪ್ಪರಿಗೆ, ಒಂದು ಉರುಳಿ. ಸಾಹೇಬರು ಮೊದಲು ಮಾಡಿದ ಕೆಲಸ ನನಗೆ ಹಿಡಿಸಿತು. ಉರುಳಿಯ ಒಳಗೆ ಉಗುರಿನಿಂದ ಗೀರಿ ನೋಡಿ, "ಅಮ್ಮ, ಇದಕ್ಕೆ ಈ ವರ್ಷ ಬೇಡ. ಕಲಾಯಿ ಗಟ್ಟಿ ಇದೆ. ಬರುವ ವರ್ಷ ತನ್ನಿ" ಎಂದು ಬದಿಗಿಟ್ಟರು. ತಂದ ಗಿರಾಕಿಯ ಹಣ ಬೇಡ ಎನ್ನುವ ಅಂಗಡಿಯನ್ನು ನಂಬಬಹುದು.

ಎರಡನೆಯದು ತವರದ ಪರೀಕ್ಷೆ. ತವರ ತುಟ್ಟಿ, ಆದ್ದರಿಂದ ಅದಕ್ಕೆ ಸೀಸ ಬೆರೆಸುವವರಿದ್ದಾರೆ. ಸೀಸ ಅನ್ನದ ಜೊತೆ ಒಳಗೆ ಹೋಗಬಾರದ ವಸ್ತು. ನಾನು ಹಿಂಜರಿಯುತ್ತಲೇ ಈ ಮಾತು ಎತ್ತಿದೆ. ಅವರು ಬೇಸರಿಸಲಿಲ್ಲ. ಹೆಬ್ಬೆರಳ ಗಾತ್ರದ ತವರದ ಕಡ್ಡಿಯೊಂದನ್ನು ತಂದು ನನ್ನ ಕಿವಿಯ ಹತ್ತಿರ ಹಿಡಿದು ಮೆಲ್ಲನೆ ಬಗ್ಗಿಸಿದರು. ಒಣಗಿದ ಎಲೆ ಮುರಿದಂತೆ ಕಿರಿಕಿರಿ ಸದ್ದು ಬಂತು. ಚೊಕ್ಕ ತವರ ಬಗ್ಗುವಾಗ ಹೀಗೆ ಕೂಗುತ್ತದೆ, ಸೀಸ ಕೂಗುವುದಿಲ್ಲ ಎಂದರು. ಲೋಹವೊಂದು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕೆಲಸವನ್ನು ಕುಳಿತು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಮಗ ಬರಿಗಾಲಲ್ಲಿ ಕೊಪ್ಪರಿಗೆಯೊಳಗೆ ಇಳಿದು, ಮರಳಿನ ಮೇಲೆ ನಿಂತು, ಗೋಡೆ ಹಿಡಿದು ಸೊಂಟ ತಿರುಗಿಸುತ್ತ ಅರ್ಧ ಗಂಟೆ ಒಳಮೈ ಉಜ್ಜಿದ. ಹಳೆಯ ಕಪ್ಪೆಲ್ಲ ಹೋಗಿ ತಾಮ್ರ ಎಳೆಯ ಮಾವಿನ ಚಿಗುರಿನ ಬಣ್ಣಕ್ಕೆ ಬಂತು. ನೆಲದ ಕುಳಿಯಲ್ಲಿ ಇದ್ದಿಲು ಉರಿಸಿ, ಗಾಳಿಯಂತ್ರದ ಹಿಡಿ ತಿರುಗಿಸುತ್ತ ಪಾತ್ರೆ ಕಾಯಿಸಿದರು. ಹದ ಬಂದಾಗ ಸಾಹೇಬರು ನವಸಾಗರದ ಪುಡಿ ಎರಚಿದರು. ಬುಸ್ಸೆಂದು ಬಿಳಿ ಹೊಗೆ ಎದ್ದಿತು, ಮೂಗು ಕಣ್ಣು ಉರಿಸುವ ಹೊಗೆ. ತವರದ ಕಡ್ಡಿಯನ್ನು ಬಿಸಿ ತಳಕ್ಕೆ ತಾಗಿಸಿದ್ದೇ ತಡ, ಅದು ಬೆಣ್ಣೆಯಂತೆ ಕರಗಿ ಉರುಳಿತು. ಹತ್ತಿಯ ಉಂಡೆಯಿಂದ ಅದನ್ನು ಒಂದೇ ಉಸಿರಿಗೆ ತಳದಿಂದ ಕಂಠದವರೆಗೆ ಬಳಿದರು. ಕೈ ಒಂದು ಕ್ಷಣ ನಿಂತರೆ ಅಲ್ಲಿ ಗಂಟು ಕಟ್ಟುತ್ತದೆ. ಕೈ ನಿಲ್ಲಲಿಲ್ಲ. ನೀರಿಗೆ ಅದ್ದಿ ಎತ್ತಿದಾಗ ಒಳಗೆಲ್ಲ ಬೆಳದಿಂಗಳು.

ಇನ್ನು ಹೇಳಬೇಕಾದದ್ದು ಅಂಗಡಿಯ ಇನ್ನೊಂದು ಸೇವೆಯ ಬಗ್ಗೆ. ಅವರು ಪಾತ್ರೆಗೆ ಹೆಸರು ಕೂಡ ಹೊಡೆದುಕೊಡುತ್ತಾರೆ. ಇದಕ್ಕೆ ನನ್ನ ಒಂದು ದುಃಖವನ್ನೂ ಹೇಳಬೇಕು.

ನಮ್ಮ ಪಕ್ಕದ ಮನೆಯ ಅಕ್ಕ ದೇವರಿಗೆ ಹೂಮಾಲೆ ಕಟ್ಟುತ್ತಾರೆ. ಸೇವಂತಿಗೆ, ತುಳಸಿ, ನಡುನಡುವೆ ಕನಕಾಂಬರ. ಮಂಗಳಾರತಿಯ ಹೊತ್ತಿಗೆ ಎಲ್ಲರ ಕಣ್ಣೂ ಅದರ ಮೇಲೆ, ಮೊಬೈಲಿನಲ್ಲಿ ಫೋಟೋ ಹಿಡಿಯುವವರೆಲ್ಲ ಅದನ್ನೇ ಹಿಡಿಯುತ್ತಾರೆ. ಆ ಹೊತ್ತಿಗೆ ನಾನು ಹಿಂದಿನ ಅಂಗಳದ ನಲ್ಲಿಯ ಬುಡದಲ್ಲಿ, ಮಂಜಿನಲ್ಲಿ, ಮೊಣಕೈವರೆಗೆ ಬೂದಿ. ಘಂಟೆಯ ಸದ್ದು ಕೇಳಿ ಒದ್ದೆ ಕೈಯನ್ನೇ ಜೋಡಿಸಿಕೊಳ್ಳುತ್ತೇನೆ. ಹತ್ತಾರು ವರ್ಷ ಇದು ನನಗೆ ಕೊರತೆ ಎನಿಸಿರಲಿಲ್ಲ. ಎರಡು ವರ್ಷದ ಹಿಂದೆ ವಾರ್ಷಿಕ ಪೂಜೆಯ ದಿನ ಮೈಕಿನಲ್ಲಿ ಸೇವೆ ಮಾಡಿದವರ ಹೆಸರು ಓದಿದರು. ಹೂವಿನವರಿಗೆ, ಭಜನೆಯವರಿಗೆ, ಸೌದೆ ಕೊಟ್ಟವರಿಗೆ, ಶಾಮಿಯಾನದವರಿಗೆ ಚಪ್ಪಾಳೆ. ಪಾತ್ರೆಯ ಮಾತು ಬರಲೇ ಇಲ್ಲ. ಮನೆಗೆ ಬಂದು ಪ್ರಸಾದದ ಪಾಯಸವನ್ನು ಮುಚ್ಚಿಟ್ಟು ಹಾಗೇ ಮಲಗಿದೆ. ಅಕ್ಕನ ಕೈಚಳಕವನ್ನು ನಾನೇ ಎಷ್ಟು ಸಲ ಹೊಗಳಿದ್ದೇನೋ. ಆ ದಿನದ ಮೇಲೆ ಹೊಗಳಿಕೆ ನಾಲಗೆಗೆ ಬರಲಿಲ್ಲ. ಮಾಲೆಯಲ್ಲಿ ಬಾಡಿದ ಹೂ ಇದೆಯೇ ಎಂದು ಹುಡುಕುವ ಕಣ್ಣಾಯಿತು ನನ್ನದು. ದೇವರ ಮುಂದೆ ನಿಂತು ಬೇರೊಬ್ಬರ ಹೂವಿನಲ್ಲಿ ಬಾಡಿದ್ದನ್ನು ಹುಡುಕುವುದಕ್ಕಿಂತ ದೊಡ್ಡ ಬಡತನ ನನಗೆ ಗೊತ್ತಿಲ್ಲ. ಅದು ಗೊತ್ತಿದ್ದೂ ಬಿಡಲಾಗಲಿಲ್ಲ.

ಆ ದಿನ ಅಂಗಡಿಯಲ್ಲಿ ಸಾಹೇಬರು ದೊಡ್ಡ ಕೊಪ್ಪರಿಗೆಯ ಕಂಠದ ಹೊರಗೆ ಹೆಬ್ಬೆರಳು ಆಡಿಸುತ್ತ, "ಇಲ್ಲಿ ಏನೋ ಹೆಸರು ಇತ್ತಲ್ಲ ಅಮ್ಮ" ಎಂದರು. ನಾನು ಕಂಡಿರಲಿಲ್ಲ. ಅವರು ಒಂದು ಚಿಟಿಕೆ ಸುಣ್ಣ ತಂದು ಅಲ್ಲಿಗೆ ತಿಕ್ಕಿ ಬಟ್ಟೆಯಿಂದ ಒರೆಸಿದರು. ತಗ್ಗಿನಲ್ಲಿ ಉಳಿದ ಸುಣ್ಣದಿಂದ ಬಿಳಿ ಚುಕ್ಕಿಗಳ ಸಾಲು ಎದ್ದುಬಂತು. ಒಬ್ಬ ಹೆಂಗಸಿನ ಹೆಸರು, ಮುಂದೆ "ಸೇವೆ" ಎಂಬ ಮಾತು, 1964 ಎಂಬ ಇಸವಿ. ಹೆಸರಿನಲ್ಲಿ ನಡುವಿನ ಎರಡು ಅಕ್ಷರ ಪೂರ್ತಿ ಸವೆದಿದ್ದವು. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಉಜ್ಜಿ ಸವೆಸಿದ್ದು ಇನ್ನಾರು? ಅತ್ತೆಯ ಕೈ, ಆಮೇಲೆ ನನ್ನ ಕೈ.

ಮನೆಗೆ ಫೋನು ಮಾಡಿ ಅತ್ತೆಯನ್ನು ಕೇಳಿದೆ. ಅವರಿಗೆ ಈಗ ಎಂಬತ್ತೆಂಟು, ಆದರೆ ನೆನಪು ಗಟ್ಟಿ. ಇಡೀ ಹೆಸರು ಹೇಳಿದರು. ತೋಟದ ಲೈನಿನಲ್ಲಿ, ಎಂದರೆ ಕೂಲಿಯವರ ಸಾಲುಮನೆಯಲ್ಲಿ, ಇದ್ದು ಕಾಫಿ ಕೊಯ್ಯುತ್ತಿದ್ದ ಹೆಂಗಸಂತೆ. ಮಗನ ಜ್ವರ ಇಳಿದರೆ ಎಂದು ಹರಕೆ ಹೊತ್ತು, ಕೂಲಿಯಲ್ಲಿ ಉಳಿಸಿ ಕೊಡಿಸಿದ್ದಂತೆ. ಈಗ ಅವರ ಕಡೆಯವರು ಯಾರೂ ನಮ್ಮ ಊರಲ್ಲಿಲ್ಲ. ಅಷ್ಟು ವರ್ಷ ಆ ಕೊಪ್ಪರಿಗೆಯ ಅನ್ನ ಉಂಡವರಲ್ಲಿ ಒಬ್ಬರ ಬಾಯಲ್ಲೂ ಆ ಹೆಸರು ಬಂದದ್ದನ್ನು ನಾನು ಕೇಳಿಲ್ಲ.

ಸಾಹೇಬರು ಅಕ್ಷರಕ್ಕೆ ಹತ್ತು ರೂಪಾಯಿ ಎಂದರು. ಹೊಡೆಯಿರಿ ಎಂದೆ. ಸಣ್ಣ ಉಳಿ, ಸಣ್ಣ ಸುತ್ತಿಗೆ. ಟಕ್ ಟಕ್ ಎಂದು ಒಂದೊಂದೇ ಚುಕ್ಕಿ ಸವೆದ ಜಾಗದಲ್ಲಿ ಕೂರುತ್ತ ಬಂತು. ನಾನು ಮೂವತ್ತೊಂದು ವರ್ಷ ಬೇರೆಯವರ ಹೆಸರಿನ ಕಾಗದಗಳನ್ನು ವಿಂಗಡಿಸಿ ಅವರವರ ಮನೆಗೆ ಹೋಗುವಂತೆ ನೋಡಿಕೊಂಡವಳು. ಆ ಕೆಲಸದಲ್ಲಿ ಇದ್ದ ಸುಖ ಅಲ್ಲಿ, ಇದ್ದಿಲ ಹೊಗೆಯ ನಡುವೆ, ಮತ್ತೆ ಸಿಕ್ಕಿತು. ಮುಗಿದ ಮೇಲೆ ಸಾಹೇಬರು, "ಪಕ್ಕದಲ್ಲಿ ಜಾಗ ಇದೆ, ನಿಮ್ಮ ಹೆಸರನ್ನೂ ಹಾಕಲೇ ಅಮ್ಮ?" ಎಂದು ಕೇಳಿದರು. ಬೇಡ ಎಂದೆ. ಹೇಳಿದ ಮೇಲೆ ಒಳಗೆ ಮುಟ್ಟಿ ನೋಡಿಕೊಂಡೆ, ಎಲ್ಲಿಯೂ ನೋವಿರಲಿಲ್ಲ.

ಇನ್ನು ಕೊರತೆಗಳು. ಮೂರು ದಿನ ಎಂದವರು ಎಂಟು ದಿನ ಮಾಡಿದರು. ಮಳೆಗೆ ಇದ್ದಿಲು ಒದ್ದೆಯಾಗಿತ್ತು ಎಂಬುದು ನಿಜವೇ, ಆದರೆ ಒಂದು ಫೋನು ಮಾಡಿದ್ದರೆ ನಮಗೆ ಜೀಪಿನ ಬಾಡಿಗೆ ಒಂದು ಸಲದ್ದು ಉಳಿಯುತ್ತಿತ್ತು. ಬಿಲ್ಲು ಕೊಡುವುದಿಲ್ಲ. ದೇವಸ್ಥಾನದ ಲೆಕ್ಕಕ್ಕೆ ಬೇಕು ಎಂದು ಒತ್ತಾಯಿಸಿ ಹಾಳೆಯ ಮೇಲೆ ಬರೆಸಿಕೊಂಡೆ. ಚಿಕ್ಕ ಕೊಪ್ಪರಿಗೆಯ ಹೊಟ್ಟೆಯಲ್ಲಿದ್ದ ನೆಗ್ಗು ತೆಗೆಯಿರಿ ಎಂದಿದ್ದೆ, ತೆಗೆಯಲಿಲ್ಲ. ಅಂಗಡಿಯ ಹತ್ತಿರ ಗಾಡಿ ನಿಲ್ಲಿಸಲು ಜಾಗವಿಲ್ಲ, ದೊಡ್ಡ ಪಾತ್ರೆಯನ್ನು ಓಣಿಯ ಬಾಯಿಯಿಂದ ಇಬ್ಬರು ಹೊರಬೇಕು. ಕೆಮ್ಮು, ದಮ್ಮು ಇರುವವರು ಹೊಗೆಯ ಹೊತ್ತಿಗೆ ಹತ್ತಿರ ನಿಲ್ಲಬಾರದು. ಎರಡು ಕೊಪ್ಪರಿಗೆ, ಹೆಸರಿನ ಅಕ್ಷರ ಎಲ್ಲ ಸೇರಿ 3,400 ರೂಪಾಯಿ ಆಯಿತು. ಬಾಯಿಯ ಅಗಲ ಅಳೆದು ದರ ಹೇಳುತ್ತಾರೆ. ಚೌಕಾಸಿ ಮಾಡಲು ನನಗೆ ಮನಸ್ಸು ಬರಲಿಲ್ಲ.

ಪಾತ್ರೆ ಮೊದಲು ಒಲೆಗೇರಿದ್ದು ತುಲಾ ಸಂಕ್ರಮಣದ ಮರುದಿನ. ಅಕ್ಟೋಬರ್ 17ಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವ ನೋಡಿ, ಭಾಗಮಂಡಲದವರೆಗಿನ 8 ಕಿಲೋಮೀಟರ್ ಇಳಿದು, ನಮ್ಮ ಹುಡುಗರು ಕ್ಯಾನಿನಲ್ಲಿ ತೀರ್ಥ ತಂದಿದ್ದರು. ಮರುದಿನ ಊರಿಗೆಲ್ಲ ಊಟ. ಬೆಳಗ್ಗೆ ಐದಕ್ಕೆ ನಾನು ಕೊಪ್ಪರಿಗೆಗಳಿಗೆ ಅಕ್ಕಿ ತೊಳೆದ ನೀರು ಹಾಕಿ ಒಂದು ಸಲ ಕುದಿಸಿ ಚೆಲ್ಲುತ್ತಿದ್ದೆ, ಹೊಸ ಕಲಾಯಿಗೆ ಹಾಗೆ ಮಾಡಬೇಕು. ಅಕ್ಕ ಹೂವಿಗೆ ನೀರು ಚಿಮುಕಿಸಲು ತಂಬಿಗೆ ಹಿಡಿದು ನಲ್ಲಿಗೆ ಬಂದರು. ಬುಟ್ಟಿಯಲ್ಲಿ ಅರ್ಧ ಕಟ್ಟಿದ ಮಾಲೆ. "ಅಕ್ಕ, ಈ ಸಲ ಕನಕಾಂಬರದ ಸಾಲು ಎಷ್ಟು ಒತ್ತಾಗಿ ಬಂದಿದೆ!" ಎಂದೆ. ಎರಡು ವರ್ಷದಿಂದ ಕಟ್ಟಿಕೊಂಡಿದ್ದ ಮಾತು ತಾನಾಗಿ ಬಂತು. ಅಕ್ಕ ಬುಟ್ಟಿ ಕೆಳಗಿಟ್ಟು ಕೊಪ್ಪರಿಗೆಯೊಳಗೆ ಬಗ್ಗಿ ನೋಡಿದರು. "ಮುಖ ಕಾಣುತ್ತದಲ್ಲ ಮಾರಾಯ್ತಿ" ಎಂದರು. ಕಂಠದ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿದರು. ಇವರು ಯಾರು ಎಂದು ಕೇಳಿದರು. ಮಂಗಳಾರತಿಗೆ ಹೊತ್ತಿತ್ತು, ಅವರು ಮಾಲೆ ಕಟ್ಟುತ್ತ ಕುಳಿತರು, ನಾನು ಪಾತ್ರೆ ತೊಳೆಯುತ್ತ ಆ ಹೆಂಗಸಿನ ಕತೆ ಹೇಳಿದೆ. ಒಳಗೆ ಘಂಟೆ ಹೊಡೆದಾಗ ಒದ್ದೆ ಕೈ ಜೋಡಿಸಿದೆ. ಆ ತಣ್ಣನೆಯ ನೀರು, ಹೊಗೆಯಾಡುವ ಒಲೆ, ಒಳಗಿನಿಂದ ಬರುವ ಕರ್ಪೂರದ ವಾಸನೆ, ಇಷ್ಟು ಸಾಕು ಎನಿಸಿತು. ಸಾಕು ಎಂದರೆ ತುಂಬಿದೆ ಎಂಬ ಅರ್ಥದಲ್ಲಿ.

ಏಳು ತಿಂಗಳಾಯಿತು. ಹುತ್ತರಿ, ಶಿವರಾತ್ರಿ, ವಾರ್ಷಿಕ ಪೂಜೆ ಎಲ್ಲ ಆಗಿವೆ. ಕಲಾಯಿ ಎಲ್ಲಿಯೂ ಎದ್ದಿಲ್ಲ, ಸಾರಿನ ಕೊಪ್ಪರಿಗೆಯಲ್ಲಿ ಕಿಲುಬಿನ ಸುಳಿವಿಲ್ಲ. ಬಾಳಿಕೆ ಅರ್ಧ ಅವರ ಕೈಯಲ್ಲಿ, ಅರ್ಧ ನಮ್ಮ ಕೈಯಲ್ಲಿ. ಖಾಲಿ ಪಾತ್ರೆಯನ್ನು ಉರಿಯ ಮೇಲೆ ಬಿಡಬೇಡಿ, ತವರ 232 ಡಿಗ್ರಿಗೇ ಕರಗುತ್ತದೆ. ಒಗ್ಗರಣೆಯನ್ನು ಬೇರೆ ಬಾಣಲೆಯಲ್ಲಿ ಮಾಡಿ ಸುರಿಯಿರಿ. ಒಳಗೆ ಸ್ಟೀಲಿನ ಜುಂಗು ತಾಗಿಸಬೇಡಿ, ತೆಂಗಿನ ನಾರು ಸಾಕು. ಹೊರಗೆ ಹುಣಸೆಹಣ್ಣು ಹಾಕಿ ಉಜ್ಜುವಾಗ ನಾನು ಈಗ ಹೆಸರಿನ ಜಾಗದಲ್ಲಿ ಕೈ ಹಗುರ ಮಾಡುತ್ತೇನೆ.

ಮಳೆ ಹಿಡಿಯುವ ಮೊದಲು, ಬೆಳಗ್ಗೆ ಹತ್ತರೊಳಗೆ ಹೋಗಿ. ಉರುಳಿಯನ್ನು ಈ ವರ್ಷ ತನ್ನಿ ಎಂದಿದ್ದರಲ್ಲ, ಬರುವ ವಾರ ನಾನೂ ಹೋಗುತ್ತಿದ್ದೇನೆ. ಅಕ್ಕನೂ ತಮ್ಮ ಮನೆಯ ತಾಮ್ರದ ಹಂಡೆ ತರುತ್ತೇನೆ ಎಂದಿದ್ದಾರೆ. ಜೀಪಿನ ಬಾಡಿಗೆ ಇಬ್ಬರಿಗೂ ಅರ್ಧ ಅರ್ಧ.