ಪ್ರಾಗ್: ಗೋಡೆ ಮೇಲಿನ ಪಂಚಾಂಗ ಮತ್ತು ನನ್ನ 50 ಯೂರೋ

ಮಂಡಿ ನೋವಿದ್ದವರು ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಹೋಗಬಹುದಾ ಅಂತ ಗೆಳತಿಯೊಬ್ಬಳು ಕೇಳಿದಳು. ಧಾರಾಳವಾಗಿ ಹೋಗಬಹುದು. ಆದರೆ ಒಳ್ಳೆ ಬೂಟು ಹಾಕಿಕೊಳ್ಳಿ. ಹಳೇ ಊರಿನ ತುಂಬ ಕಲ್ಲು ಹಾಸಿದ ಬೀದಿಗಳು. ಮೂರನೇ ದಿನಕ್ಕೆ ನನ್ನ ಕಾಲು ಕೈಕೊಟ್ಟಿತ್ತು.

ಕೋಟೆಗೆ ಕೆಳಗಿನಿಂದ ಮೆಟ್ಟಿಲು ಹತ್ತುವ ಸಾಹಸ ಬೇಡ. 22ನೇ ನಂಬರಿನ ಟ್ರಾಮ್ ಹಿಡಿದು ಮೇಲೆ ಪೊಹೊರ್ಜೆಲೆತ್ಸ್‌ನಲ್ಲಿ ಇಳಿಯಿರಿ. ಅಲ್ಲಿಂದ ಬರೀ ಇಳಿಜಾರು. ಕಾಗದದ ಟಿಕೆಟ್ ಆದರೆ ಹಳದಿ ಡಬ್ಬಿಗೆ ತೂರಿಸಿ ಮುದ್ರೆ ಒತ್ತಿಸಲೇಬೇಕು, ಇಲ್ಲದಿದ್ದರೆ ದಂಡ. ಕೋಟೆಯೊಳಗಿನ ಸೇಂಟ್ ವೀಟಸ್ ಚರ್ಚನ್ನು 1344ರಲ್ಲಿ ಶುರು ಮಾಡಿ 1929ರಲ್ಲಿ ಮುಗಿಸಿದರಂತೆ. ಎರಡು ವರ್ಷ ಮನೆ ಕಟ್ಟಿಸಿ ಸುಸ್ತಾಗಿದ್ದ ನನಗೆ ಯಾಕೋ ಸಮಾಧಾನವಾಯಿತು.

ಎಲ್ಲರೂ ಓಡುವುದು ಹಳೇ ಊರಿನ ಪುರಭವನದ ಗೋಡೆಯಲ್ಲಿರುವ 1410ರ ಗಡಿಯಾರದ ಹತ್ತಿರ. ಗಂಟೆಗೆ ಸರಿಯಾಗಿ ಅಸ್ಥಿಪಂಜರ ಹಗ್ಗ ಎಳೆಯುತ್ತದೆ, ಕಿಟಕಿಯಲ್ಲಿ ಯೇಸುವಿನ ಶಿಷ್ಯರು ಸಾಲಾಗಿ ಹಾದುಹೋಗುತ್ತಾರೆ, ಕೊನೆಗೆ ಹುಂಜ ಕೂಗುತ್ತದೆ. ಒಂದು ನಿಮಿಷವೂ ಇಲ್ಲ. ಇಷ್ಟೇನಾ ಅನ್ನಿಸಿತು.

ಮರುದಿನ ಬೆಳಿಗ್ಗೆ ಏಳಕ್ಕೆ ಸುಮ್ನೆ ಹೋಗಿ ನಿಂತೆ. ಜನ ಇರಲಿಲ್ಲ. ಆಗ ಗೊತ್ತಾಯಿತು, ಇದು ಗೋಡೆಗೆ ಏರಿಸಿದ ಪಂಚಾಂಗ! ಹನ್ನೆರಡು ರಾಶಿಗಳ ಚಕ್ರ, ಅದರ ಮೇಲೆ ಸೂರ್ಯನ ಮುಳ್ಳು. ಚಂದ್ರ ಅಂದರೆ ಅರ್ಧ ಕಪ್ಪು, ಅರ್ಧ ಬೆಳ್ಳಿ ಬಣ್ಣದ ಒಂದು ಗುಂಡು. ತಿಥಿಗೆ ತಕ್ಕಂತೆ ತಿರುಗುತ್ತದೆ. ಅಂದು ಅಷ್ಟಮಿ ಆಸುಪಾಸು, ಗುಂಡು ಸರಿಯಾಗಿ ಅರ್ಧಂಬರ್ಧ. ಮೇ ಮೊದಲ ವಾರ, ನಮ್ಮ ಲೆಕ್ಕದಲ್ಲಿ ಸೂರ್ಯ ಇನ್ನೂ ಮೇಷದಲ್ಲೇ ಇದ್ದ. ಇವರ ಸೂರ್ಯ ಆಗಲೇ ವೃಷಭಕ್ಕೆ ದಾಟಿದ್ದ. ಹೊರಗಿನ ಉಂಗುರದಲ್ಲಿ ಗಂಟೆ ಎಣಿಸುವುದು ಸೂರ್ಯಾಸ್ತದಿಂದ. ನಾವು ಸೂರ್ಯೋದಯದಿಂದ ಎಣಿಸುತ್ತೇವೆ, ಅಲ್ವಾ? ಮುಕ್ಕಾಲು ಗಂಟೆ ನಿಂತಿದ್ದೆ. ಮಂಡಿ ನೆನಪೇ ಆಗಲಿಲ್ಲ.

ಚಾರ್ಲ್ಸ್ ಸೇತುವೆಗೂ ಅಷ್ಟೇ, ಬೆಳಿಗ್ಗೆ ಆರಕ್ಕೆ ಹೋಗಿ. ಹತ್ತರ ಮೇಲೆ ಜನರ ಬೆನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಊಟಕ್ಕೆ ಮಾಂಸ ತಿನ್ನದವರಿಗೆ ಕರಿದ ಚೀಸ್ ಸಿಗುತ್ತದೆ. ಒಂದು ದಿನಕ್ಕೆ ಚೆನ್ನ, ದಿನಾ ಆಗಲ್ಲ.

ಇನ್ನು ಬೇಜಾರಿನ ವಿಷಯ. ಅಲ್ಲಿ ನಡೆಯುವುದು ಯೂರೋ ಅಲ್ಲ, ಕೊರುನಾ. 'ಕಮಿಷನ್ ಇಲ್ಲ' ಅಂತ ಬೋರ್ಡ್ ಹಾಕಿದ್ದ, ಹಣ ಬದಲಾಯಿಸಿಕೊಡುವ ಅಂಗಡಿಯಲ್ಲಿ 50 ಯೂರೋ ಕೊಟ್ಟೆ. ಕಮಿಷನ್ ಏನೋ ಇರಲಿಲ್ಲ, ಆದರೆ ಅಂಗಡಿಯವನು ಯೂರೋಗೆ 17 ಕೊರುನಾದಂತೆ ಎಣಿಸಿ ಕೊಟ್ಟ. ಬೇರೆ ಕಡೆ 24ರ ಮೇಲಿತ್ತು. ಹೋಟೆಲ್ ರಿಸೆಪ್ಷನ್ ಹುಡುಗಿ ರಸೀದಿ ನೋಡಿ, 'ಈಗಲೇ ವಾಪಸ್ ಹೋಗಿ' ಅಂದಳು. 2019ರಿಂದ ಅಲ್ಲಿ ಕಾನೂನೇ ಇದೆ. 1000 ಯೂರೋವರೆಗೆ ಬದಲಾಯಿಸಿದ್ದನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು. ನನಗೆ ಉಳಿದಿದ್ದು ಇಪ್ಪತ್ತೇ ನಿಮಿಷ. ಆ ಕಲ್ಲು ಬೀದಿಯಲ್ಲಿ, ಆ ಮಂಡಿ ಇಟ್ಟುಕೊಂಡು ಓಡಿದೆ. ಅಂಗಡಿಯವನು ಗಡಿಯಾರ ನೋಡಿದ, ರಸೀದಿ ನೋಡಿದ, ತುಟಿಪಿಟಕ್ಕೆನ್ನದೆ ನನ್ನ ನೋಟು ನನಗೇ ಕೊಟ್ಟ.